ಮಲಗಿಕೊಂಡು ಏರಿ ಹತ್ತಿದವನು

ಹೋದ ವರ್ಷ ಮುನಿಆಂಜನಪ್ಪನನ್ನು ಮಂಚದ ಮೇಲೆ ಹೊತ್ತು ಕೆರೆ ಏರಿಗೆ ಕರೆತಂದದ್ದೇ ತಪ್ಪಾಗಿಹೋಯಿತು. ಕಮ್ಮನಹಳ್ಳಿಯಲ್ಲಿ ನೀರಿನ ಸರದಿ ಹಂಚುವ ದಿನ ಜಮೀನಿನ ಯಜಮಾನ ಯಾರ ಆಸರೆಯೂ ಇಲ್ಲದೆ ಏರಿ ಹತ್ತಿ ನೀರು ಬಿಡುವ ತೂಬಿನ ಕಲ್ಲು ಮುಟ್ಟಬೇಕು. ಏರಿ ಒಡೆದ ದಿನ ಬಂದು ನಿಲ್ಲಲಾಗದವನಿಗೆ ಕೆರೆಯ ನೀರೇಕೆ ಎಂಬುದು ಹಿರಿಯರ ನ್ಯಾಯ. ಹೊರಿಸಿಕೊಂಡು ಬಂದವನ ಸರದಿ ದಾಯಾದಿಯ ಪಾಲು. ಇಲ್ಲಿ ದಾಯಾದಿ ಎಂದರೆ ಒಡಹುಟ್ಟಿದ ಅಣ್ಣ ದೊಡ್ಡಮುನಿಯಪ್ಪ. ಅವನು ಕಣ್ಣೊರೆಸಿಕೊಳ್ಳುತ್ತಲೇ ತಮ್ಮನ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ. ತಮ್ಮನ ದಂಟು, ಕೊತ್ತಂಬರಿ, ಮೂಲಂಗಿ ಎಲ್ಲ ಒಣಗಿ ಕಸವಾದವು. ಈ ವರ್ಷವೂ ಹಾಗೇ ಆದರೆ ಮುನಿಆಂಜನಪ್ಪನ ಹೆಸರಿನಲ್ಲಿ ತೋಟ ಎನ್ನುವುದೇ ಉಳಿಯುವುದಿಲ್ಲ.

ಅವನು ಸೋಮಾರಿಯಾಗಿ ಮಲಗಿದವನಲ್ಲ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಮರ ಮುರಿದು ಮೈಮೇಲೆ ಬಿದ್ದು ಬೆನ್ನು ಹೋಗಿತ್ತು. ನಿಂತರೆ ಸೊಂಟ ಕುಸಿಯುತ್ತದೆ, ನೆಟ್ಟಗೆ ಕೂತರೆ ಕಣ್ಣು ಕತ್ತಲೆ. ಒರಗಿಕೊಂಡಾಗ ಮಾತ್ರ ಕಾಲುಗಳು ಹೇಳಿದ ಮಾತು ಕೇಳುತ್ತವೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಊರಿನವರಿಗೆ ಕಂಡದ್ದು ಮಂಚವೊಂದೇ.

ಮಹಾಯುದ್ಧ ಮುಗಿದ ಮರುವರ್ಷ, ಬಿಳಿಯರ ದಂಡು ಪ್ರದೇಶದ ಕುಕ್ ಟೌನಿನಲ್ಲಿ ಬಂಗಲೆಯೊಂದರ ದೊರೆ ಸಾಮಾನು ಕಟ್ಟಿ ತನ್ನ ದೇಶಕ್ಕೆ ಹೊರಟ. ಆ ಮನೆಗೆ ಸೊಪ್ಪು ಹಾಕುತ್ತಿದ್ದ ಮುನಿಆಂಜನಪ್ಪನ ಹೆಂಡತಿ ಬೈರಮ್ಮ, ಕುದುರೆ ಲಾಯದ ಸೌದೆಯ ಅಡಿಯಲ್ಲಿ ಬಿದ್ದಿದ್ದ ವಿಚಿತ್ರ ಸೈಕಲ್ಲೊಂದನ್ನು ಕೇಳಿ ಇಸಿದುಕೊಂಡು ಬಂದಳು. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ಆರಾಮ ಕುರ್ಚಿಯಂಥ ಒರಗು ಪೀಠ. ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯಬೇಕು. ಗಂಡನ ಮುಂದೆ ಅದನ್ನು ನಿಲ್ಲಿಸಿ ಅವಳು ಹೇಳಿದ್ದು ಇಷ್ಟೇ: "ಮಲಗೋಕೆ ಮಂಚಾನೇ ಆಗ್ಬೇಕಾ? ಇದ್ರಲ್ಲಿ ಮಲಗಿ."

ದಂಡಿನ ಸೈಕಲ್ ರಿಪೇರಿಯ ಕಲೀಮುಲ್ಲಾ ಅದನ್ನು ನೋಡಿ ಮೊದಲು ತಲೆ ಚಚ್ಚಿಕೊಂಡ. ಆಮೇಲೆ ಬಿಡಲಾರದೆ ರಿಪೇರಿಗೆ ಹಿಡಿದುಕೊಂಡ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ, ತುಕ್ಕನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿಸಿದ. ಇಲಿ ತಿಂದ ಪೀಠಕ್ಕೆ ಬೈರಮ್ಮ ಆ ಹಾಳು ಮಂಚದ ನವಾರನ್ನೇ ಬಿಚ್ಚಿ ಹೆಣೆದಳು. ಟೈರು ದುಡ್ಡು ಕೊಟ್ಟರೂ ಸಿಗದ ಕಾಲ. ಮಿಲಿಟರಿ ಲಾರಿಯ ಸವೆದ ಟೈರನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಗಾಲಿಗೆ ಬಿಗಿದ ಕಲೀಮುಲ್ಲಾ, "ಗಡಗಡ ಅಂತದೆ ಮುನಿಆಂಜನಪ್ಪಾ, ಆದ್ರೆ ಪಂಚರ್ ಮಾತ್ರ ಆಗಲ್ಲ," ಎಂದ.

ಬೆಳಗಿನ ಮಬ್ಬಿನಲ್ಲಿ ಮೊದಲ ಸವಾರಿ ಹೊರಟಿತು. ಬಿಳಿ ಪಂಚೆ, ಮಂಜಿಗೆಂದು ತಲೆಗೆ ಸುತ್ತಿದ ಬಿಳಿ ಟವೆಲ್, ಚಾಚಿದ ಕಾಲು, ಪಕ್ಕದಲ್ಲಿ ಸೆರಗು ಹೊದ್ದ ಹೆಂಡತಿ. ಎದುರಿಗೆ ಹಾಲಿನವರ ಗುಂಪು ಬಂತು. ಬಿಂದಿಗೆ ಇಳಿಸಿದರು, ಚಪ್ಪಲಿ ಬಿಟ್ಟರು, ಕೈಮುಗಿದು ದಾರಿ ಬಿಟ್ಟು ನಿಂತರು. ಒಬ್ಬ ಮುದುಕ ಬೈರಮ್ಮನ ಹತ್ತಿರ ಬಂದು, "ರಾತ್ರೀನೇ ಹೋಗ್ಬಿಟ್ರಾ ತಾಯಿ?" ಎಂದು ಕೇಳಿದ.

ಮುನಿಆಂಜನಪ್ಪನ ಮೈ ಉರಿದುಹೋಯಿತು. "ಸತ್ತಿಲ್ಲ ಕಣಯ್ಯಾ, ಸೈಕಲ್ ತುಳೀತಿದೀನಿ. ಕಾಲು ಆಡ್ತಿರೋದು ಕಾಣಲ್ವಾ?" ಎಂದ. ಮುದುಕ ಬಿಂದಿಗೆಯನ್ನೂ ಬಿಟ್ಟು ಓಡಿದ.

ಸುದ್ದಿ ಊರು ಸುತ್ತುವುದಕ್ಕೆ ಎಷ್ಟು ಹೊತ್ತು ಬೇಕು? ಸಂಜೆ ಅಣ್ಣ ಬಂದು ಜಗಲಿಯ ಮೇಲೆ ಕೂತ. "ಹೆಣದ ಥರ ಬೀದೀಲಿ ಮೆರೆಯೋದು ಮನೆತನಕ್ಕೆ ಮರ್ಯಾದೇನಾ? ಸುಮ್ನೆ ಬಿದ್ದಿರು. ಎರಡು ಹೊತ್ತು ಮುದ್ದೆ ನಮ್ಮನೇಯಿಂದ ಬರ್ತದೆ," ಎಂದ. ತನ್ನ ನೀರಲ್ಲಿ ಬೆಳೆದ ರಾಗಿಯ ಮುದ್ದೆಯನ್ನೇ ತನಗೆ ಭಿಕ್ಷೆ ಹಾಕಲು ಬಂದಿದ್ದಾನೆ ಅನ್ನಿಸಿ ಮುನಿಆಂಜನಪ್ಪನಿಗೆ ಅನ್ನ ಸೇರಲಿಲ್ಲ.

ಸರದಿಯ ದಿನ ಏರಿಯ ಬುಡದಲ್ಲಿ ಮೂರು ಗಾಲಿಯ ಗಾಡಿ ಬಂದು ನಿಂತಾಗ ಪಟೇಲ ಶ್ರೀರಾಮಪ್ಪನವರು ಹುಬ್ಬು ಗಂಟಿಕ್ಕಿದರು.

"ಬಂಡಿ ಹತ್ಕೊಂಡು ಬಂದ್ರೆ ಹೆಂಗಪ್ಪಾ?"

"ಎತ್ತು ಎಲ್ಲಿದೆ ತೋರ್ಸಿ ಯಜಮಾನ್ರೇ. ನಾನೇ ತುಳೀತೀನಿ, ನಾನೇ ಹತ್ತುತೀನಿ."

ಪಟೇಲರು ಹಿರಿಯರ ಮುಖ ನೋಡಿದರು. "ಆಯ್ತು. ಬುಡದಿಂದ ಕಲ್ಲಿನ ತನಕ ಒಂದು ಕೈಯೂ ಸೋಕಬಾರದು. ಸೋಕ್ತೋ, ಸರದಿ ನಿಮ್ಮಣ್ಣಂದು," ಎಂದರು.

ಮುನಿಆಂಜನಪ್ಪ ತುಳಿದ. ಲಾರಿ ಟೈರಿನ ಪಟ್ಟಿಗಳು ಮಣ್ಣು ಕಚ್ಚಿದವು. ನವಾರಿಗೆ ಬೆನ್ನು ಒತ್ತಿ, ತೊಡೆ ನಡುಗುತ್ತಿದ್ದರೂ ಬಿಡದೆ ಅರ್ಧ ಏರಿ ಹತ್ತಿದ. ಅಲ್ಲಿ ಸಡಿಲ ಮಣ್ಣಿಗೆ ಗಾಲಿ ಸಿಕ್ಕಿ ಗಾಡಿ ನಿಂತಿತು. ಬ್ರೇಕು ಅದುಮಿ ಅವನು ಉಸಿರೆಳೆದುಕೊಂಡ. ಬೈರಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು, ಮರೆತೂ ಮುಂದೆ ಬರಬಾರದೆಂದು.

ಬಂದವನು ದೊಡ್ಡಮುನಿಯಪ್ಪ. "ಅಯ್ಯೋ ನನ್ ತಮ್ಮ, ನೋಡಕ್ಕಾಗಲ್ಲ," ಎನ್ನುತ್ತ ಓಡಿ ಬಂದು ಹಿಂದಿನಿಂದ ಪೀಠಕ್ಕೆ ಕೈಕೊಟ್ಟ. ಜನರಲ್ಲಿ ಯಾರೋ ಲೊಚಗುಟ್ಟಿದರು, ಎಂಥ ಕರುಳು ಎಂದರು. ವರ್ಷವಿಡೀ ಒಂದು ಬಿಂದಿಗೆ ನೀರು ಬಿಡದವನ ಕರುಳು ಸರಿಯಾಗಿ ಏರಿಯ ನಡುವೆ ಮಿಡಿದಿತ್ತು. ಆ ಕೈ ಯಾತಕ್ಕೆ ಬಂತೆಂದು ಮುನಿಆಂಜನಪ್ಪನ ಬೆನ್ನಿಗೇ ಗೊತ್ತಾಯಿತು.

ಪಟೇಲರು ಬಾಯಿ ತೆರೆಯುವಷ್ಟರಲ್ಲಿ ಅವನು ಬ್ರೇಕು ಬಿಟ್ಟ. ಗಾಡಿ ಹಿಂದಕ್ಕೆ ಜಾರಿತು. ದೊಡ್ಡಮುನಿಯಪ್ಪ ಪಕ್ಕಕ್ಕೆ ಹಾರಿ ಲಂಟಾನದ ಪೊದೆಗೆ ಬಿದ್ದ. ಅಷ್ಟು ಕಷ್ಟಪಟ್ಟು ಹತ್ತಿದ ಅರ್ಧ ಏರಿಯನ್ನೂ ಬಿಟ್ಟುಕೊಟ್ಟು ಮುನಿಆಂಜನಪ್ಪ ಬುಡಕ್ಕೆ ಬಂದು ನಿಂತ.

"ಅವನು ತಳ್ಳಿದ್ದು ಅವನಿಗೇ ವಾಪಸ್ ಕೊಟ್ಟಿದೀನಿ ಯಜಮಾನ್ರೇ. ಈಗ ಶುರು ಮಾಡ್ತೀನಿ. ಅಣ್ಣನ್ನ ಹಿಡ್ಕೊಳ್ಳೋಕೆ ಇಬ್ಬರನ್ನ ಬಿಡಿ."

ಪಟೇಲರು ಕಣ್ಸನ್ನೆ ಮಾಡಿದರು, ಇಬ್ಬರು ಹೋಗಿ ದೊಡ್ಡಮುನಿಯಪ್ಪನ ಎಡಬಲಕ್ಕೆ ನಿಂತರು. ಈ ಸಲ ಮುನಿಆಂಜನಪ್ಪ ಸಡಿಲ ಮಣ್ಣು ತಪ್ಪಿಸಿ ಗರಿಕೆಯ ಅಂಚು ಹಿಡಿದ. ಎರಡು ಕಡೆ ನಿಂತ, ಹಲ್ಲು ಕಚ್ಚಿ ಮತ್ತೆ ತುಳಿದ. ಕೊನೆಗೆ ಒರಗಿದಲ್ಲಿಂದಲೇ ಕೈಚಾಚಿ ತೂಬಿನ ಕಲ್ಲು ಮುಟ್ಟಿದಾಗ ಅವನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದಲ್ಲ. ತನ್ನದನ್ನೇ ಪಡೆಯಲು ಇಷ್ಟು ಜನರ ಮುಂದೆ ಬದುಕಿದ್ದೇನೆಂದು ತೋರಿಸಬೇಕಾಯಿತಲ್ಲ ಎಂಬ ಸಿಟ್ಟಿನದು.

"ಸರದಿ ಮುನಿಆಂಜನಪ್ಪಂದು," ಎಂದರು ಪಟೇಲರು.

ಮೈಗೆ ಹತ್ತಿದ ಮುಳ್ಳು ಕೀಳುತ್ತ ಅಣ್ಣ ಏರಿ ಹತ್ತಿ ಬಂದು, ನಾಲ್ಕು ಜನ ನೋಡಲೆಂದೇ, ಗಾಡಿ ತಿರುಗಿಸಲು ಕೈ ಮುಂದೆ ಮಾಡಿದ.

"ದೂರ ನಿಂತ್ಕೋ ಅಣ್ಣಾ," ಎಂದ ಮುನಿಆಂಜನಪ್ಪ. "ಹೆಗಲು ಕೊಡೋ ದಿನ ಬಂದಾಗ ಹೇಳಿ ಕಳಿಸ್ತೀನಿ."

ದೊಡ್ಡಮುನಿಯಪ್ಪನ ಕೈ ಅಲ್ಲೇ ನಿಂತಿತು. ಕೆರೆ ನೀರು ಹಂಚುವ ನೀರಗಂಟಿ ಗುದ್ದಲಿ ಎತ್ತಿಕೊಂಡು ತಮ್ಮನ ಕಾಲುವೆಯ ಬಾಯಿ ಬಿಡಿಸಲು ಇಳಿದುಹೋದ.