ಏಳು ಅಂಗಡಿ, ಒಂದು ಮೂಗು

ಗಾಜಿನ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಂತು, ತಣ್ಣಗಿತ್ತು ಅಷ್ಟೇ, ಅದರಲ್ಲಿ ಬೇರೇನೂ ಇರಲಿಲ್ಲ, ಒಳಗಿನಿಂದ ಬಂದ ಹೆಂಗಸು ಮಾತ್ರ ಕೇಕಿನ ಡಬ್ಬಿ ಹಿಡಿದು ಕಣ್ಣು ಅರೆಮುಚ್ಚಿ ನಗುತ್ತಿದ್ದಾಳೆ, ಹಾಗಾದರೆ ಘಮ ಇದೆ, ಚೆನ್ನಾಗಿಯೇ ಇದೆ, ನನಗೆ ಬರುತ್ತಿಲ್ಲ — ಜನವರಿಯ ಜ್ವರ ಬಿಟ್ಟ ದಿನದಿಂದ ಬರುತ್ತಿಲ್ಲ, ಈಗ ಐದು ತಿಂಗಳು, ಕರ್ಪೂರ ಇಲ್ಲ, ಇಂಗು ಇಲ್ಲ, ಬಸ್ಸಿನ ಹೊಗೆಯೂ ಇಲ್ಲ, ಮೂಗಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ ಬರಬಹುದು, ಬರದೆಯೂ ಇರಬಹುದು ಅಂದರು, ಇಷ್ಟು ಹೇಳಲಿಕ್ಕೆ ಅಷ್ಟು ವರ್ಷ ಓದಬೇಕಾಗಿತ್ತೇ. ಮುಂದೆ ಸ್ಪಂದನಾ ನಡೆಯುತ್ತಿದ್ದಾಳೆ, ಅಣ್ಣನ ಮಗಳು, ವಿದ್ಯಾನಗರದ ಮನೆಯಲ್ಲೇ ಮೊಟ್ಟೆಯಿಲ್ಲದ ಕೇಕು ಮಾಡಿ ಮಾರುತ್ತಾಳೆ, ಈಗ ಅಂಗಡಿಯನ್ನೇ ತೆರೆಯುವ ಹುಕಿ, ಅದಕ್ಕೆ ಮೊದಲು ಹುಬ್ಬಳ್ಳಿಯ ಒಳ್ಳೊಳ್ಳೆಯ ಏಳು ಅಂಗಡಿ ನೋಡಬೇಕಂತೆ, ಅದೂ ನಡೆದುಕೊಂಡೇ, ಪಟ್ಟಿ ಮೊಬೈಲಿನಲ್ಲಿದೆ, ಕಾಕಾ ನೀವು ಬರಲೇಬೇಕು, ನಂಗ ನಿಮ್ಮ ಮೂಗು ಬೇಕು, ಯಾವುದು ಬೆಣ್ಣಿ ಯಾವುದು ಡಾಲ್ಡಾ ನಿಮ್ಮಷ್ಟು ಯಾರಿಗೆ ತಿಳೀತದ. ಅಕ್ಕಿಆಲೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಬಂದೆ. ಅವಳಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಮದುವೆ ಮುಂಜಿಯ ಅಡುಗೆ ಮಾಡುವವನು ಮೂಗು ಹೋಗಿದೆ ಅಂತ ಡಂಗುರ ಸಾರಿದರೆ ನಾಳೆ ಯಾರು ಕರೆಯುತ್ತಾರೆ, ಏಳು ಅಂಗಡಿಯಲ್ಲಿ ಒಂದರಲ್ಲಾದರೂ ಒಂದಿಷ್ಟು ಬಂದೀತು ಅನ್ನುವ ಆಸೆ, ಬಂದರೆ ಸರಿ, ಇವತ್ತು ಸಂಜೆಯೊಳಗೆ ಸವಣೂರಿನ ರಾಘಣ್ಣನಿಗೆ ಹೂಂ ಅನ್ನಬೇಕು ಅಥವಾ ಉಹೂಂ ಅನ್ನಬೇಕು, ಮೊಮ್ಮಗನ ಮುಂಜಿ, ಬರುವ ಗುರುವಾರ, ನಾಲ್ಕುನೂರು ಎಲೆ.

ಕೊಪ್ಪಿಕರ ರಸ್ತೆಯ ಬಿಸಿಲು, ಗಾಜಿನೊಳಗೆ ಸಾಲಾಗಿ ಕೂತ ಪೇಸ್ಟ್ರಿಗಳು, ಒಂದೊಂದರ ತಲೆಯ ಮೇಲೂ ಕೆಂಪು ಚೆರ್ರಿ, ಮುಂಜಿಯ ವಟುವಿನ ಹಾಗೆ ಅಲುಗಾಡದೆ ಕೂತಿವೆ, ನಾನು ಬಗ್ಗಿ ಮೂಸುತ್ತಿದ್ದೇನೆ, ಜನ್ಮದಲ್ಲಿ ಮೊದಲ ಸಲ ಬಗ್ಗಿ ಮೂಸುತ್ತಿದ್ದೇನೆ, ಅದೂ ಮೊಟ್ಟೆ ಹಾಕಿದ್ದನ್ನು. ನಮ್ಮ ಅಡುಗೆಯಲ್ಲಿ ರುಚಿ ನೋಡುವಂತಿಲ್ಲ, ದೇವರಿಗೆ ನೈವೇದ್ಯವಾಗುವ ತನಕ ಒಂದು ಹನಿ ನಾಲಿಗೆಗೆ ಸೋಕಬಾರದು, ಮೂವತ್ತೆರಡು ವರ್ಷ ಕೊಪ್ಪರಿಗೆಗಟ್ಟಲೆ ಸಾರಿಗೆ ಉಪ್ಪು ಹಾಕಿದ್ದು ಹಬೆಯ ವಾಸನೆಯ ಮೇಲೆ, ಬಗ್ಗಿ ಮೂಸಬ್ಯಾಡೋ ವ್ಯಾಸಾ, ಮೂಸೂದೂ ಎಂಜಲಾ, ತಾನಾಗಿ ಬಂದದ್ದಕ್ಕ ದೋಷಿಲ್ಲ — ಅಪ್ಪ ಹೇಳುತ್ತಿದ್ದರು, ಹಾಗಾಗಿ ನೆಟ್ಟಗೆ ನಿಲ್ಲುತ್ತಿದ್ದೆ, ತಾನಾಗಿ ಬರುತ್ತಿತ್ತು, ಹುಳಿಯ ಹಸಿ ವಾಸನೆ ಹೋಗುವ ಗಳಿಗೆ, ಬೇಳೆ ಬೆಲ್ಲಕ್ಕೆ ಒಗ್ಗುವ ಗಳಿಗೆ, ಉಪ್ಪು ಸಾಲದ ಸಾರಿನ ಸಪ್ಪೆ ಹಬೆ, ಎಲ್ಲ ತಾವಾಗಿ ಬಂದು ಹೇಳಿ ಹೋಗುತ್ತಿದ್ದವು, ಕರೆಯುವ ಕೆಲಸವೇ ಇರಲಿಲ್ಲ. ಅಜ್ಜಾರ, ಬರೇ ಮೂಸಾಕತ್ತೀರಲ್ಲ, ಏನರ ತಗೊಳ್ರಿ, ಗಲ್ಲೆಯ ಮೇಲಿನವನು ನಗುತ್ತಿದ್ದಾನೆ, ನಗಲಿ. ಕಾಕಾ, ಹೇಳ್ರಿ, ಬೆಣ್ಣಿನೋ ಡಾಲ್ಡಾನೋ, ಸ್ಪಂದನಾ ಕಿವಿಯಲ್ಲಿ ಕೇಳುತ್ತಾಳೆ, ನಾನು ಪಫ್ ಇಟ್ಟ ಕಾಗದ ನೋಡಿದೆ, ಜಿಡ್ಡು ಬೆಳ್ಳಗೆ ಮೇಣದಂತೆ ಗಟ್ಟಿಯಾಗಿ ಕೂತಿದೆ, ಡಾಲ್ಡಾ, ಅಂದೆ. ಅವಳು ಕಣ್ಣರಳಿಸಿ ಬರೆದುಕೊಂಡಳು. ಎರಡನೆಯದರಲ್ಲಿ ಹಳದಿ ಕಲೆ, ಬೆಣ್ಣೆ. ಮೂರನೆಯದರಲ್ಲಿ ಕಾಗದವೇ ಇರಲಿಲ್ಲ, ಕೊಳ್ಳುವವರ ಮುಖ ನೋಡಿದೆ, ಬಾಗಿಲು ದಾಟಿದ ಕೂಡಲೆ ಮುಖಗಳು ಸಡಿಲಾಗುತ್ತಿದ್ದವು, ಬೆಣ್ಣೆ ಅಂದುಬಿಟ್ಟೆ, ಅವಳು ಒಳಗೆ ಹೋಗಿ ಕೇಳಿ ಬಂದಳು, ಖರೇನ ಬೆಣ್ಣಿ ಕಾಕಾ, ಭಲೆ ಮೂಗರಿ ನಿಮ್ಮದು.

ಇದು ಹೀಗೂ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ದೇಶಪಾಂಡೆ ನಗರದ ಕಡೆ ನಡೆಯುತ್ತಾ ಒಳಗೊಳಗೇ ಖುಷಿಯಾಗುತ್ತಿದೆ, ಸಣ್ಣ ಕಳ್ಳನ ಖುಷಿ, ಕಣ್ಣಿದ್ದರೆ ಸಾಕೇನೋ, ಸಾರಿನ ನೊರೆ ನೋಡಿದರೆ ಸಾಕು, ತುಪ್ಪದ ಬಣ್ಣ, ಹೂರಣ ಸೌಟು ಬಿಡುವ ರೀತಿ, ಮೂವತ್ತೆರಡು ವರ್ಷ ಕಣ್ಣೂ ಅಲ್ಲೇ ಇತ್ತಲ್ಲ, ಮೂಗಿಗಷ್ಟೇ ಹೆಸರು ಬಂತು. ನಾಲ್ಕನೆಯ ಅಂಗಡಿಯಲ್ಲಿ ಚಾಕಲೇಟಿನ ಕಾರಂಜಿ, ಕಪ್ಪಗೆ ದಪ್ಪಗೆ ಮೇಲಿಂದ ಇಳಿಯುತ್ತಿದೆ, ಆ ಬಣ್ಣ ಎಲ್ಲಿ ನೋಡಿದ್ದೆ — ತಿಳವಳ್ಳಿಯ ಒಂದು ಮದುವೆ ಮನೆಯಲ್ಲಿ, ಹೋದ ತಿಂಗಳು, ಕೊಪ್ಪರಿಗೆಯ ತಳದಲ್ಲಿ, ಹಯಗ್ರೀವ ಹೊತ್ತಿತ್ತು, ಕಡಲೆಬೇಳೆ ಬೆಲ್ಲ ಎಲ್ಲ ಕೂಡಿ ಕರಕಲು, ನಾನು ಅದರ ಮುಂದೆಯೇ ನಿಂತಿದ್ದೆ, ನೆಟ್ಟಗೆ, ತಾನಾಗಿ ಬರುತ್ತದೆ ಅಂತ, ಬಂದವರು ಇಂದಿರಾಬಾಯಿ, ಆ ಮನೆಯ ಹಿರಿಯಜ್ಜಿ, ಪಡಸಾಲೆಯಿಂದ ಮೂಗಿಗೆ ಸೆರಗು ಹಿಡಿದು ಓಡಿ ಬಂದರು, ಅಲ್ಲೋ ವ್ಯಾಸಣ್ಣಾ, ತಳಾ ಹತ್ತೇದ, ಊರೆಲ್ಲಾ ನಾರಲಿಕ್ಕತ್ತದ, ನಿಂತು ನೋಡ್ತೀಯಲ್ಲೋ, ಅವರ ಹಿಂದೆ ಇನ್ನೂ ಹತ್ತು ಮುಖಗಳು, ಎಲ್ಲರ ಮೂಗೂ ಸೊಟ್ಟಗಾಗಿತ್ತು, ನನ್ನದೊಂದೇ ಸರಿಯಾಗಿತ್ತು. ಬರ್ನರ್ ಕೆಟ್ಟದರಿ ಅಂದೆ. ನಂಬಿದರು. ನಾಚಿಕೆಯಾಗಬೇಕಿತ್ತು, ಆಯಿತೋ ಇಲ್ಲವೋ ನೆನಪಿಲ್ಲ, ಕಾರಂಜಿ ಇಳಿಯುತ್ತಲೇ ಇದೆ, ಕಾಕಾ ಇದು ಹೆಂಗದ, ಹುಸಿ ಅದವ್ವ, ಬರೇ ಸಕ್ಕರಿ ಬಣ್ಣ, ಅಂದೆ, ಹೇಗೆ ಹೇಳಿದೆ, ಅಂಚಿನಲ್ಲಿ ಹೊಳಪಿರಲಿಲ್ಲ, ಅದೂ ಸರಿಯಾಯಿತು. ಐದು, ಆರು, ಕಾಲು ನೋಯುತ್ತಿವೆ, ಹೇಳಿದ್ದೆಲ್ಲ ಸರಿಯಾಗುತ್ತಿದೆ, ರಾಘಣ್ಣನಿಗೆ ಹೂಂ ಅನ್ನುತ್ತೇನೆ, ತೀರ್ಮಾನವಾಯಿತು, ಬಿಟ್ಟರೆ ಬೇರೆ ಏನು ಕೆಲಸ ಬರುತ್ತದೆ ನನಗೆ, ಒಲೆಯ ಮುಂದೆ ನಿಲ್ಲದ ವೇದವ್ಯಾಸ ಅಂದರೆ ಯಾರು ಎಂದು ನನಗೇ ಗೊತ್ತಿಲ್ಲ.

ಏಳನೆಯದು ವಿದ್ಯಾನಗರದ ಒಳದಾರಿಯಲ್ಲಿ, ಮನೆಯ ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆಯಲ್ಲಿ ಚಾಕಲೇಟು ಮಾಡುವುದು, ಮಾಡುವವಳು ಗುಲ್ನಾರ, ಸ್ಪಂದನಾಳ ಗೆಳತಿ, ಬರ್ರಿ ಕಾಕಾ, ಕುಂತ್ರಿ, ತತ್ತಿ ಒಳಗ ತರಂಗೇ ಇಲ್ಲರಿ ನಾ, ಬರೇ ಚಾಕಲೇಟ್ ಕರಗಸಾಕತ್ತೇನಿ. ಒಲೆಯ ಮೇಲೆ ನೀರಿನ ಪಾತ್ರೆ, ಅದರ ಮೇಲೆ ಬೋಗುಣಿ, ಬೆಂಕಿ ನೇರ ತಾಗದಂತೆ, ಈ ಹುಡುಗಿಯ ಕೈಗೆ ಹದ ಗೊತ್ತಿದೆ, ಅಂಗೈಯಲ್ಲಿ ಒಂದು ತುಂಡು ಇಟ್ಟಳು, ಹೊರಗೆ ನೀರೂ ಕುಡಿಯದವನು ಬಾಯಿಗೆ ಹಾಕಿಕೊಂಡೆ, ಗಂಟಲ ಕಡೆಯಿಂದಲಾದರೂ ಏರೀತೋ ಎಂದು — ಸಿಹಿ, ಹಿಂದೆಯೇ ಕಹಿ, ನುಣ್ಣಗೆ ಕರಗಿತು, ಮುಗಿಯಿತು. ಹೆಂಗದರಿ? ಭಾಳ ಛಲೋ ಅದವ್ವ. ಅವಳ ಮುಖ ಅರಳಿತು, ನನಗೆ ಕೆಟ್ಟದೆನಿಸಿತು, ಇವತ್ತು ಮೊದಲ ಸಲ ಕೆಟ್ಟದೆನಿಸಿತು. ಇಬ್ಬರೂ ಚಾಕಲೇಟಿನ ಡಬ್ಬಿಗಳನ್ನು ನೋಡಲು ಮುಂದಿನ ಕೋಣೆಗೆ ಹೋದರು, ಫೋನು ಬಂತು, ರಾಘಣ್ಣ, ಏನ್ ವ್ಯಾಸಣ್ಣಾ, ಗುರುವಾರದ್ದು ಹೂಂ ಅಂದುಬಿಡ್ರಿ, ನೀವು ಬಂದ್ರ ನಾ ನಿಶ್ಚಿಂತ, ಆರು ಒಲಿ ಹೇಳೇನಿ, ಹೆಣ್ಮಕ್ಕಳೆಲ್ಲಾ ಅಲ್ಲೇ ಹಿತ್ತಲದಾಗ ಕೂತು ಎಲಿ ಒರಸ್ತಾರ — ಎಡಗೈಯಲ್ಲಿ ಫೋನು, ಕಣ್ಣು ಒಲೆಯ ಕಡೆಗೆ ಹೋಯಿತು, ಅಡುಗೆಯವನ ಕಣ್ಣು, ನೀರು ಉಕ್ಕಿ ಚೆಲ್ಲಿದೆ, ಉರಿ ಆರಿದೆ, ಯಾವಾಗ ಆರಿತೋ, ಬೋಗುಣಿಯ ಅಂಚಿನಲ್ಲಿ ಚಾಕಲೇಟು ಗಟ್ಟಿಯಾಗುತ್ತಿದೆ, ಹುಡುಗಿಯ ಹದ ಕೆಡುತ್ತದೆ, ಬಲಗೈ ತಾನಾಗಿ ಲೈಟರು ತೆಗೆದುಕೊಂಡಿತು, ಬರ್ನರಿನ ಹತ್ತಿರ ಹಿಡಿಯಿತು, ಹೂಂ ರಾಘಣ್ಣ, ಅನ್ನುತ್ತಿದ್ದೆ — ಕಾಕಾ! ಗ್ಯಾಸ್! ಹಚ್ಚಬ್ಯಾಡ್ರಿ! — ಬಾಗಿಲಲ್ಲಿ ಸ್ಪಂದನಾ, ಮೂಗಿಗೆ ಓಢಣಿ, ಗುಲ್ನಾರ ನನ್ನನ್ನು ದೂಡಿಕೊಂಡು ಹೋಗಿ ಸಿಲಿಂಡರು ಬಂದ್ ಮಾಡಿದಳು, ಹಿಂಬಾಗಿಲು ತೆರೆದಳು, ಯಾ ಅಲ್ಲಾ, ಕೋಣಿ ತುಂಬಾ ತುಂಬೇತಲ್ಲರಿ, ಕೆಮ್ಮುತ್ತಿದ್ದಾಳೆ, ನಾನು ಕೆಮ್ಮುತ್ತಿಲ್ಲ, ಗಾಳಿ ತಣ್ಣಗಿದೆ ಅಷ್ಟೇ, ಸ್ಪಂದನಾ ಒಲೆಯನ್ನು ನೋಡುತ್ತಿಲ್ಲ, ನನ್ನ ಮುಖ ನೋಡುತ್ತಿದ್ದಾಳೆ, ಕಾಕಾ, ನಿಮಗ ಬರಲಿಲ್ಲೇನು, ಮೆತ್ತಗೆ ಕೇಳುತ್ತಾಳೆ, ಬೆಳಗಿನಿಂದಾನೂ ಬಂದಿಲ್ಲೇನು, ಫೋನಿನಲ್ಲಿ ರಾಘಣ್ಣ ಹಲೋ ಹಲೋ ಅನ್ನುತ್ತಿದ್ದಾನೆ, ಆರು ಒಲೆ, ಎಲೆ ಒರೆಸುವ ಹೆಣ್ಣುಮಕ್ಕಳು, ನನಗೆ ಹೆದರಿಕೆಯಾಗುತ್ತಿದೆ, ರಾಘಣ್ಣ, ನನಗ ವಾಸನೀನ ತಿಳಿಯಂಗಿಲ್ಲ, ಐದು ತಿಂಗಳಾತು, ಬ್ಯಾರೆ ಯಾರನರ ನೋಡ್ರಿ, ನನ್ನ ದನಿಯೇ, ಹೇಳಿಬಿಟ್ಟೆ, ಲೈಟರು ಕೊಡ್ರಿ ಕಾಕಾ, ಸ್ಪಂದನಾ ಕೈ ಚಾಚಿದ್ದಾಳೆ, ಕೊಡಬೇಕು, ಬೆರಳು ಬಿಡುತ್ತಿಲ್ಲ, ಹೆಬ್ಬೆರಳು ಗುಂಡಿಯ ಮೇಲಿದೆ, ಗುಂಡಿ ಅರ್ಧ ಒಳಗೆ ಹೋಗಿದೆ, ಕಿಡಿ ಹಾರಲು ಇನ್ನು ಅರ್ಧ ಇತ್ತು, ಅರ್ಧವೇ ಇತ್ತು, ಹೆಬ್ಬೆರಳು, ಹೆಬ್ಬೆರಳಿನ ಕೆಳಗೆ ಅರ್ಧ ಒಳಗೆ ಹೋದ ಗುಂಡಿ.