ಗುಡಿಸದ ದಾರಿ

ಎಲೆ ಉಸಿರಾಡಿತೇ, ಇಲ್ಲ, ಗಾಳಿ ಇರಬೇಕು, ಗಾಳಿಯಾಗಿದ್ದರೆ ಬಿದಿರೂ ಅಲುಗಬೇಕಿತ್ತಲ್ಲ, ಅಲುಗಿಲ್ಲ, ಮಂಟಪದ ಮೆಟ್ಟಿಲಿಂದ ತುಸು ದೂರದಲ್ಲಿ, ಕಲ್ಲುಹಾಸಿನ ಕಿರುದಾರಿಯ ತರಗೆಲೆಗಳ ನಡುವೆ ಒಂದು ಜಾಗ ಮಾತ್ರ ಮೆಲ್ಲಗೆ ಉಬ್ಬುತ್ತದೆ, ಇಳಿಯುತ್ತದೆ — ಎಲೆಯದೇ ಬಣ್ಣ, ಎಲೆಯ ಅಂಚಿನಂಥದೇ ಗೀಟುಗಳು, ನನ್ನ ತೋಳಿನಷ್ಟು ದಪ್ಪ, ದೇವರೇ, ಹಾವು. ಸೂರ್ಯನಾರಾಯಣ ಡಾಕ್ಟರು ನ್ಗಾರಾ ಬಡಾವಣೆಯ ತಮ್ಮ ಮನೆಯಲ್ಲಿ ಕಾಫಿ ಕೊಡುತ್ತಾ ಹೇಳಿದ್ದು ಈಗ ಯಾಕೆ ಇಷ್ಟು ಸ್ಪಷ್ಟವಾಗಿ ಕೇಳುತ್ತಿದೆ, ನೈರೋಬಿಯಲ್ಲೇ ತಲೆ ನರೆಸಿಕೊಂಡವರು, ಪಫ್ ಆ್ಯಡರ್ ಅಂತಾರಮ್ಮ ವತ್ಸಲಾ, ನಮ್ಮ ಕೊಳಕುಮಂಡಲದ ದಾಯಾದಿ, ಬೇರೆ ಹಾವು ಜನ ಬಂದ್ರೆ ಸರಿದುಹೋಗತ್ತೆ, ಇದು ಹೋಗಲ್ಲ, ಸುಮ್ನೆ ಬಿದ್ದಿರತ್ತೆ, ಕಾಲು ಹತ್ರ ಬಂದ್ರೆ ಮುಗೀತು. ನಾನು ಚಕ್ಕುಲಿ ಮುರಿಯುತ್ತಾ ಸೋಮಾರಿ ಹಾವು ಬಿಡಿ ಡಾಕ್ಟ್ರೇ ಅಂದಿದ್ದೆ.

ಸುಮ್ಮನಿರುವುದೇ ಈ ತೋಟದ ಧರ್ಮವಂತೆ — ಜೆನಿಫರ್ ಹೇಳಿದಳು, ಗಿಗಿರಿಯ ಕಾಡಿನಂಚಿನ ಈ ಚೀನೀ ಹೋಟೆಲಿನಲ್ಲಿ ಬಂದವರಿಗೆ ತೋಟ ತೋರಿಸುವವಳು, ತಾವೋ ಅಂದರೆ ದಾರಿ ಮೇಡಂ, ನೀರು ಹರಿದಂತೆ ಹೋಗುವುದು, ಯಾವುದನ್ನೂ ಬಲವಂತ ಮಾಡಬಾರದು, ಅದಕ್ಕೇ ದಾರಿ ನೇರವಿಲ್ಲ, ಮುಂದೇನಿದೆ ಎಂದು ಒಮ್ಮೆಗೇ ಕಾಣಬಾರದು, ಉದುರಿದ ಎಲೆಯನ್ನೂ ನಾವು ಗುಡಿಸುವುದಿಲ್ಲ. ನಮ್ಮಮ್ಮ ಕೇಳಿದ್ದರೆ ಪೊರಕೆ ಹುಡುಕಿಕೊಂಡು ಹೊರಡುತ್ತಿದ್ದಳು, ಸೋಮಾರಿತನಕ್ಕೂ ಒಂದು ಶಾಸ್ತ್ರ ಎಂದು ನಾನೂ ಮನಸ್ಸಿನಲ್ಲೇ ನಕ್ಕೆ, ಆದರೂ ಇಷ್ಟವಾಯಿತು, ಸುಳ್ಳೇಕೆ, ನಾವಿರುವ ವೆಸ್ಟ್‌ಲ್ಯಾಂಡ್ಸ್‌ನ ಮಟಾಟು ವ್ಯಾನುಗಳ ಹಾರ್ನು ಕೇಳಿ ಕೇಳಿ ಬಂದವಳಿಗೆ ಈ ಕೊಳ, ಗೋಡೆಯಲ್ಲಿ ಹುಣ್ಣಿಮೆಯಂತೆ ಕೊರೆದ ಗುಂಡುಬಾಗಿಲು, ಈ ಮಂಟಪದಲ್ಲಿ ನಿಲ್ಲಿಸಿದ ತೂತುತೂತು ಕಲ್ಲು, ಅದರ ಮುಂದೆ ಊದುಬತ್ತಿ, ನೋಡಿದ್ದೇ ತಡ ಗುಡಿ ಅಂದುಕೊಂಡು ಚಪ್ಪಲಿ ಬಿಟ್ಟೆ, ನಿಹಾರಿಕಾಳ ಶೂಗಳನ್ನೂ ಬಿಚ್ಚಿಸಿದೆ, ಕೈ ಮುಗಿ ಪುಟ್ಟಾ ಅಂದೆ. ಜೆನಿಫರ್ ನಕ್ಕಳು, ದೇವರಲ್ಲ ಮೇಡಂ, ಬೆಟ್ಟ ಎಂದು ನೋಡಬೇಕಾದ ಕಲ್ಲು, ಊದುಬತ್ತಿ ಸೊಳ್ಳೆಗೆ. ಬೆಟ್ಟವೂ ದೇವರೇ ಎಂದೆ, ಸೋಲೊಪ್ಪಬಾರದಲ್ಲ, ಮಗಳು ಬರಿಗಾಲಲ್ಲೇ ಅವಳ ಕೈ ಹಿಡಿದು ಮೀನು ನೋಡಲು ಗುಂಡುಬಾಗಿಲಿನಾಚೆ ಹೋದಳು, ಹೋಗುವಾಗ ಇದರ ಪಕ್ಕದಲ್ಲೇ ಹೋದಳೇ, ಆಗಲೂ ಇದು ಇಲ್ಲೇ ಇತ್ತೇ. ಶೂಗಳು ನನ್ನ ಪಕ್ಕದಲ್ಲಿವೆ.

ಅಮ್ಮಾ, ದ ಸ್ಟೋನ್ಸ್ ಆರ್ ಹಾಟ್, ಐ ವಾಂಟ್ ಮೈ ಶೂಸ್ — ಗೋಡೆಯಾಚೆಯಿಂದ ಅವಳೇ, ಓಡಿ ಬರುತ್ತಿದ್ದಾಳೆ, ಅಂಗಾಲು ಕಲ್ಲಿಗೆ ತಟ್ಟುವ ಪಟಪಟ ಸದ್ದು, ದಾರಿ ಬಳಸಿ ಬರುವುದರಿಂದ ಕಾಣುತ್ತಿಲ್ಲ, ಬೇಡ ಎಂದು ಕೂಗಲೇ, ಬೇಡ ಅಂದರೆ ವೈ ಎನ್ನುತ್ತಾ ಇನ್ನೆರಡು ಹೆಜ್ಜೆ ಮುಂದಿಡುವ ಮಗು ಅದು, ನಾನೇ ಎದುರು ಓಡಿದರೆ ಹಾವನ್ನು ದಾಟಿಯೇ ಓಡಬೇಕು, ಎರಡೂ ಕಡೆ ಕೊಳ, ಗಂಡ ಹೃಷಿಕೇಶ್ ಕಾರಿನ ಹತ್ತಿರ ಆಫೀಸಿನ ಫೋನಿನಲ್ಲಿ, ಜೆನಿಫರ್ ಎಲ್ಲಿ, ಮಗುವಿನ ಕೈ ಯಾಕೆ ಬಿಟ್ಟಳು. ಗುಂಡುಬಾಗಿಲಲ್ಲಿ ಮೊದಲು ಕಾಲೇ ಕಾಣಿಸಿತು, ಮಣ್ಣು ಮೆತ್ತಿದ ಹಿಮ್ಮಡಿ, ನಿನ್ನೆ ತಾನೇ ಹಚ್ಚಿಕೊಂಡ ಕೆಂಪು ನೇಲ್‌ಪಾಲಿಶ್, ಕಿರುಬೆರಳಿನದು ಉಗುರು ದಾಟಿ ಚರ್ಮಕ್ಕೂ ಮೆತ್ತಿದೆ, ಒಂದು ಹೆಜ್ಜೆ, ಇನ್ನೊಂದು, ಆ ಕಾಲು, ನನ್ನನ್ನೇ ನೋಡಿ ನಗುತ್ತಾ ಬರುತ್ತಿದ್ದಾಳೆ, ನೆಲ ನೋಡುತ್ತಿಲ್ಲ, ಆ ಕಾಲು, ಸ್ಟ್ಯಾಚ್ಯೂ — ನನ್ನ ಬಾಯಿಂದಲೇ ಬಂತು, ಲಿಫ್ಟಿನಲ್ಲಿ, ಕಾರಿನಲ್ಲಿ, ಊಟದ ನಡುವೆ ನಾವಿಬ್ಬರೂ ಆಡುವ ಆಟ, ಅಂದ ಕೂಡಲೇ ಇದ್ದ ಹಾಗೇ ನಿಲ್ಲಬೇಕು, ನಿಂತಳು, ನಿಂತೇಬಿಟ್ಟಳು ನನ್ನ ಬಂಗಾರ, ಒಂಟಿ ಕಾಲಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ, ಅದರ ಕೆಳಗೇ ಆ ಎಲೆಗಳು. ಹಿಂದಕ್ಕೆ ಇಡು ಅನ್ನಬೇಕು, ಹಿಂದಕ್ಕೆ, ಆದರೆ ಸ್ಟ್ಯಾಚ್ಯೂ ಅಂದವರು ಮತ್ತೆ ಬಾಯಿ ಬಿಟ್ಟರೆ ಆಟ ಮುಗಿದಂತೆ, ಆಡುವವರು ಕಾಲು ಕೆಳಗಿಡಬಹುದು, ನಮ್ಮ ಮನೆಯ ನಿಯಮ, ಅಮ್ಮಾ ನೀನು ಮಾತಾಡ್ದೆ, ಐ ವಿನ್ ಎಂದು ಧೊಪ್ಪನೆ ಇಡುತ್ತಾಳೆ, ಮಾತಾಡದಿದ್ದರೆ ಎಷ್ಟು ಹೊತ್ತು ನಿಂತಾಳು, ನಗು ತಡೆಯಲು ಕೆನ್ನೆ ಉಬ್ಬಿಸಿಕೊಂಡಿದ್ದಾಳೆ, ಹಾವು ಸುಮ್ಮನಿದೆ, ನಾನು ಸುಮ್ಮನಿದ್ದೇನೆ, ಆ ಕಾಲು, ಕೆಂಪು ಕಿರುಬೆರಳು, ಮೊದಲು ಅದೇ ಅದುರಲು ಶುರುವಾಗಿದೆ, ಆ ಕಾಲು