ಟ್ರೈಲರಿನ ಹಿಂದೊಂದು ಮರೆ

ತಿಮ್ಮಪ್ಪ ಜೀಪು ತಂದಾಗ ಅವನ ಹೆಂಡತಿ ಲಕ್ಕಮ್ಮನಿಗೆ ಅಷ್ಟೇನೂ ಸೋಜಿಗವಾಗಲಿಲ್ಲ. ಅದರ ಹಿಂದೆ ಕುಲುಕುತ್ತಾ ಬಂದ ಟ್ರೈಲರನ್ನು ಕಂಡಾಗ ಮಾತ್ರ ಮೊರ ಕೆಳಗಿಟ್ಟು ಅಂಗಳಕ್ಕೆ ಓಡಿದಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಗಾಡಿಯದು. ಯಾರ್‍ಯಾರದೋ ಕೈ ದಾಟಿ, ಹದಿನೈದು ವರ್ಷ ಕಳೆದು, ಚನ್ನರಾಯಪಟ್ಟಣದ ಪಕ್ಕದ ಆ ಹಳ್ಳಿಗೆ ಬಂದಿತ್ತು. ತಿಮ್ಮಪ್ಪ ಮಡಿಸಿದ್ದ ಕಬ್ಬಿಣದ ಕಮಾನುಗಳನ್ನು ಎತ್ತಿ ನಿಲ್ಲಿಸಿ ಟಾರ್ಪಾಲು ಎಳೆದು ಕಟ್ಟಿದ. ನೋಡನೋಡುತ್ತಲೇ ಒಂದು ಪುಟ್ಟ ಮನೆ ಎದ್ದು ನಿಂತಿತು.

“ಸುಗ್ಗಿ ಮುಗೀತಲ್ಲವ್ವಾ. ಒಳೇನರಸೀಪುರ, ಅರಕಲಗೂಡು ಎಲ್ಲಾ ಸುತ್ಕಂಡು, ಕೊಣನೂರತ್ರ ಕಾವೇರಿ ನೋಡ್ಕಂಡು ಬರಾಣ. ರಾತ್ರಿ ಇದ್ರೊಳಗೇ ಮಲಗಾದು,” ಎಂದ ತಾಯಿಗೆ.

ಬೆಟ್ಟಮ್ಮನ ಮುಖ ಅರಳಿ, ಹಾಗೆಯೇ ಬಾಡಿತು. “ನೀವೋಗ್ಬನ್ನಿ. ನಾನು ಮನೆ ನೋಡ್ಕಂತೀನಿ.”

ಅತ್ತೆಗೆ ಕಾವೇರಿಯೆಂದರೆ ಎಷ್ಟು ಆಸೆಯೆಂದು ಲಕ್ಕಮ್ಮನಿಗೆ ಗೊತ್ತಿತ್ತು. ಮಾರನೆಯ ದಿನ ಅವರೆಕಾಯಿ ಸುಲಿಯುತ್ತಾ ಬಿಡದೆ ಕೇಳಿದಳು. ಬೆಟ್ಟಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ನಿನ್ ಗಂಡ ಕೂಸಾಗಿದ್ದಾಗ ಎತ್ತಿನ್ಗಾಡೀಲಿ ಆಸನದ ಪ್ಯಾಟೆಗೋಗಿದ್ದೆ ಕಣವ್ವ. ಮುಂದೊಂದು ಗಾಡಿ, ಇಂದೊಂದು ಗಾಡಿ, ಎಲ್ಲಾ ಗಂಡಸ್ರೇ. ಇಳೀಬೇಕು ಅಂತ ಎಂಗೆ ಬಾಯ್ಬಿಡಾದು? ತೊಟ್ಟು ನೀರು ಕುಡೀದೆ ತಡ್ಕಂಡು ಕೂತಿದ್ದೆ. ಊರಿಗೆ ಬಂದ್ಮೇಲೆ ಉರಿಮೂತ್ರ, ಚಳಿಜ್ವರ. ಬದುಕಿದ್ದೇ ಎಚ್ಚು. ಆಮೇಲೆ ನಾನೆಲ್ಲಿಗೂ ಓಗ್ನಿಲ್ಲ.”

ಲಕ್ಕಮ್ಮನ ಕೈ ನಿಂತಿತು. ತವರಿಗೆ ಬಸ್ಸಿನಲ್ಲಿ ಹೋಗುವ ದಿನ ತಾನೂ ಬೆಳಗ್ಗಿನಿಂದ ನೀರು ಮುಟ್ಟುವುದಿಲ್ಲ. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಗಂಡನಿಗೆ ಹೇಳಿದಾಗ ಅವನು ನಕ್ಕ. “ಅದ್ಕೇನು, ದಾರೀಲಿ ಬಯಲು ಕಮ್ಮಿಯಾ?”

“ನಿಮ್ಗೆ ಬಯಲಿದ್ರೆ ಸಾಕು. ನಮ್ಗೆ ಕತ್ತಲೂ ಆಗ್ಬೇಕು.”

ತಿಮ್ಮಪ್ಪನ ನಗು ಅಲ್ಲೇ ಇಂಗಿತು. ತಲೆ ಕೆರೆದುಕೊಂಡು, “ಏನ್ಮಾಡಾಣ ಏಳು,” ಎಂದ.

ಅಲ್ಲಿಂದ ಮನೆಯಲ್ಲಿ ಹಬ್ಬದ ಗದ್ದಲ ಶುರುವಾಯಿತು. ಲಕ್ಕಮ್ಮ ಮೊದಲು ನಾಲ್ಕು ಬಿದಿರು ನೆಟ್ಟು ಗೋಣಿತಾಟು ಸುತ್ತಿದಳು. ತಾನೇ ಒಳಗೆ ಹೋಗಿ ನಿಂತಳು. ಬೀಸಿದ ಗಾಳಿಗೆ ಮರೆಯೆಲ್ಲ ಅವಳ ಮೇಲೇ ಬಿತ್ತು. ಈಚೆ ಬರಲಾರದೆ ಒದ್ದಾಡಿ, ನಕ್ಕು ನಕ್ಕು ಸುಸ್ತಾದಳು. ಆಮೇಲೆ ತಿಮ್ಮಪ್ಪ ಟ್ರೈಲರಿನ ಹಿಂಬದಿಗೆ ಎರಡು ಸರಳು ಬೆಸುಗೆ ಹಾಕಿಸಿ ತಂದ. ಎಳೆದರೆ ಈಚೆ ಬರಬೇಕು, ತಳ್ಳಿದರೆ ಒಳಗೆ ಸೇರಬೇಕು. ಅದಕ್ಕೆ ದಪ್ಪ ಕ್ಯಾನ್ವಾಸಿನ ಪರದೆ. ಒಳಗೆ ಕೂರಲು, ನಡುವೆ ದೊಡ್ಡ ತೂತು ಕೊರೆದ ಎತ್ತರದ ಮಣೆ. ಅದರ ಕೆಳಗೆ ಗುಂಡಿ ತೋಡುವುದು, ಹೊರಡುವಾಗ ಬೂದಿ ಮಣ್ಣು ಎಳೆದು ಮುಚ್ಚುವುದು. ಸ್ನಾನಕ್ಕೆ ಸೀಮೆಎಣ್ಣೆ ಡಬ್ಬವೊಂದನ್ನು ಸೀಗೆಪುಡಿ ಹಾಕಿ ಉಜ್ಜಿ, ತಳಕ್ಕೆ ಹೂವಿನ ಗಿಡಕ್ಕೆ ನೀರು ಹಾಕುವ ಜರಡಿಮೂತಿ ಕೂರಿಸಿದರು.

ಬೆಟ್ಟಮ್ಮ ಜಗಲಿಯಲ್ಲಿ ಕೂತು ನೋಡಿಯೂ ನೋಡದ ಹಾಗಿದ್ದಳು. ಮೂರನೆಯ ದಿನ ತಡೆಯಲಾಗಲಿಲ್ಲ.

“ಪರದೆ ಮೊಣಕಾಲ್ಗಂಟ ಇದ್ರೆ ಏನ್ಬಂತು? ನೆಲ ಮುಟ್ಟಂಗೆ ಒಲೀರಿ!”

ಅತ್ತೆ ಇನ್ನು ಬಂದೇ ಬರುತ್ತಾಳೆ ಎಂದುಕೊಂಡು ಲಕ್ಕಮ್ಮ ಸೂಜಿ ಹಿಡಿದೇ ಕುಣಿಯುವಂತಾದಳು.

ಮೊದಲ ತಂಗುದಾಣ ಹೊಳೆನರಸೀಪುರದ ಆಚೆ ಹೇಮಾವತಿಯ ದಡದ ಮಾವಿನ ತೋಪು. ತಿಮ್ಮಪ್ಪ ಗುಂಡಿ ತೋಡಿ ದೂರ ಹೋಗಿ ಕೂತ. ಬೆಟ್ಟಮ್ಮ ಪರದೆ ಸರಿಸಿ ಒಳಗೆ ಹೋದಳು. ಎಷ್ಟು ಹೊತ್ತಾದರೂ ಸದ್ದಿಲ್ಲ. ಲಕ್ಕಮ್ಮ ಎರಡು ಸಲ ಪರದೆಯ ಹತ್ತಿರ ಹೋಗಿ ವಾಪಸು ಬಂದಳು. ಕೊನೆಗೆ ಬೆಟ್ಟಮ್ಮ ಈಚೆ ಬಂದು, ಕೈಕಾಲು ತೊಳೆದು, “ಒಂದು ಚೊಂಬು ನೀರು ಕೊಡವ್ವ,” ಎಂದಳು. ಗಟಗಟ ಪೂರ್ತಿ ಕುಡಿದಳು. “ಇನ್ನೊಂದು ಕೊಡು.”

ಬೆಳಗ್ಗೆ ಡಬ್ಬದ ಬಿಸಿನೀರು ಮಳೆಯಂತೆ ತಲೆಯ ಮೇಲೆ ಬಿದ್ದಾಗ ಅವಳು ಒಳಗಿನಿಂದ ಹಾಕಿದ ಕೂಗಿಗೆ ತೋಪಿನ ಕೊಕ್ಕರೆಗಳೆಲ್ಲ ಹಾರಿದವು.

ಅರಕಲಗೂಡು ದಾಟಿ ಕೊಣನೂರಿಗೆ ಬಂದರೆ ಅಂದು ಸಂತೆ. ಜನದ ನಡುವೆ ಜೀಪು ಮುಂದೆ ಹೋಗಲಿಲ್ಲ. ಸಂತೆಮಾಳದ ಹಿಂದೆ ನಿಲ್ಲಿಸಿ ಮರೆ ಎಳೆದು ಕಟ್ಟಿದ್ದೇ ತಡ, ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಹೆಸರು ಸಣ್ಣಕ್ಕ.

“ಅದೇನಕ್ಕಾ, ನಾಟ್ಕದೋರ ಟೆಂಟಾ?”

ಬೆಟ್ಟಮ್ಮ ಅವಳ ಕಿವಿಯಲ್ಲಿ ಹೇಳಿದಳು. ಸಣ್ಣಕ್ಕನ ಕಣ್ಣು ಅಗಲವಾಯಿತು. “ನಾನೂ ಓಗ್ಬೋದಾ? ಕೋಳಿ ಕೂಗಾಗ ಮನೆ ಬಿಟ್ಟವ್ಳು ಕಣಕ್ಕ.”

“ಅಯ್ಯೋ, ಓಗ್ ತಾಯಿ!”

ಸಣ್ಣಕ್ಕ ಹೋಗಿ ಇನ್ನಿಬ್ಬರನ್ನು ಕಳಿಸಿದಳು. ಬಳೆಯವಳು ಬಂದಳು, ಮಡಕೆಯವಳು ಬಂದಳು, ಬಸುರಿ ಸೊಸೆಯನ್ನು ನಡೆಸಿಕೊಂಡು ಮುದುಕಿಯೊಬ್ಬಳು ಬಂದಳು. ಟ್ರೈಲರಿನ ಪಕ್ಕ ಸಾಲು ಬೆಳೆಯಿತು. ಬೆಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರದೆಯ ಬಳಿ ನಿಂತುಬಿಟ್ಟಳು. “ಬಸ್ರಿ ಮೊದ್ಲು! ನೀನು ಬೂದಿ ಆಕ್ದೇನವ್ವ? ಲೋ ತಿಮ್ಮಪ್ಪ, ಆಚೆ ಇನ್ನೊಂದು ಗುಂಡಿ ತೋಡ್ಲಾ!”

“ಕಾವೇರಿ ನೋಡಾದು ಯಾವಾಗವ್ವಾ?” ಎಂದ ಅವನು ಬೆವರು ಒರೆಸಿಕೊಳ್ಳುತ್ತಾ.

“ಅದೇನು ಓಡೋಯ್ತದಾ? ತೋಡು.”

ನೀರು ಹೊತ್ತು ತರುತ್ತಿದ್ದ ಲಕ್ಕಮ್ಮನಿಗೆ ಆಯಾಸವೇ ತಿಳಿಯಲಿಲ್ಲ. ಒಳಗೆ ಮುಖ ಗಂಟಿಕ್ಕಿ ಹೋದವರು ನಗುತ್ತಾ ಈಚೆ ಬರುವುದನ್ನು ನೋಡುವುದೇ ಅವಳಿಗೊಂದು ಖುಷಿ. ಸಂತೆ ಮುಗಿಯುವ ಹೊತ್ತಿಗೆ ಸಣ್ಣಕ್ಕ ಮತ್ತೆ ಬಂದು, ಮರೆಯ ಅಗಲವನ್ನು ತನ್ನ ಮೊಳದಿಂದ ಅಳೆಯತೊಡಗಿದಳು. “ನಾವೂ ಚಾಪೆ ಕಟ್ಕಂತೀವಿ, ಸಂತೆಸಂತೆಗೂ. ಮಣೆ ಎಂಗೆ ಮಾಡ್ಸಿದ್ರಿ, ಏಳಕ್ಕ.” ಲಕ್ಕಮ್ಮ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಳು. ಹೆಂಗಸರೆಲ್ಲ ಬಗ್ಗಿ ನೋಡಿದರು.

ಗುಂಡಿಗಳನ್ನು ಮುಚ್ಚಿ ಹೊರಟಾಗ ಬಿಸಿಲು ಇಳಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ಬೆಟ್ಟಮ್ಮ ಮರಗಳ ಸಂದಿನಲ್ಲಿ ಹೊಳೆ ಮಿನುಗಿದ್ದೇ “ನಿಲ್ಸ್ಲಾ!” ಎಂದು ಕೂಗಿದಳು. ಜೀಪು ನಿಲ್ಲುವ ಮೊದಲೇ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಮರಳಿನ ಮೇಲೆ ಬಿರಬಿರನೆ ನಡೆದಳು. “ಅತ್ತೇ, ನಿಧಾನ!” ಎನ್ನುತ್ತಾ ಲಕ್ಕಮ್ಮ ಹಿಂದೆಯೇ ಓಡಿದಳು.